ಗುಂಡಿನ ಮೆಷಿನ್ನೂ ಬಸಣ್ಣನ ದಾಖಲೆಯೂ

ಭಾನುವಾರ ಬೆಳಿಗ್ಗೆ ವೀರಬಸಪ್ಪನಿಗೆ ಬೆಲ್ಜಿಯಂನಿಂದ ಒಂದು ಇಮೇಲ್ ಬಂತು. ಅದರಲ್ಲಿ ಅವನನ್ನು ತುಂಬ ಮರ್ಯಾದೆಯಿಂದ ಸುಳ್ಳುಗಾರ ಎಂದು ಕರೆದಿದ್ದರು.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಪಹಣಿ ಅರ್ಜಿಯಿಂದ ಮದುವೆ ಕಾಗದದವರೆಗೆ ಎಲ್ಲವನ್ನೂ ಟೈಪು ಮಾಡಿಕೊಡುವ ಐವತ್ಮೂರು ವರ್ಷದ ಮನುಷ್ಯನಿಗೂ ಬೆಲ್ಜಿಯಂಗೂ ನಡುವೆ ಇದ್ದದ್ದು ಒಂದು ಗುಂಡಿನ ಮೆಷಿನ್ನು. ಇಂಗ್ಲಿಷಿನಲ್ಲಿ ಅದಕ್ಕೆ ಪಿನ್‌ಬಾಲ್ ಅನ್ನುತ್ತಾರೆ. ಗಾಜು ಮುಚ್ಚಿದ ಇಳಿಜಾರು ಮೇಜು, ಒಳಗೆ ಉರುಳುವ ಉಕ್ಕಿನ ಗುಂಡು. ಅದು ಕೆಳಗೆ ಬಿದ್ದುಹೋಗದಂತೆ ಎರಡು ರೆಕ್ಕೆಗಳಿಂದ ಹೊಡೆದು ಹೊಡೆದು ಮೇಲಕ್ಕೆ ಕಳಿಸುತ್ತಿರಬೇಕು. ಗುಂಡು ಅಲ್ಲಲ್ಲಿ ಬಡಿದಂತೆಲ್ಲ ಎದುರಿನ ಹಲಗೆಯಲ್ಲಿ ಕೆಂಪು ಅಂಕಿಗಳು ಏರುತ್ತವೆ. ಈ ಆಟಗಳಿಗೆ ಚಿಪ್ ಹಾಕಲು ಶುರುಮಾಡಿದ ಹೊಸದರಲ್ಲಿ, ಎಪ್ಪತ್ತೊಂಬತ್ತರಲ್ಲಿ ತಯಾರಾದ ಅಂಥದೊಂದು ಮೆಷಿನ್ನು ಮುಂಬಯಿಯ ಗುಜರಿಯಿಂದ ಹೇಗೋ ಸೊರಬದ ಒಂದು ದೋಸೆ ಹೋಟೆಲ್ಲಿಗೆ ಬಂದು ಕೂತಿತ್ತು. ಸೋದರಮಾವನ ಮನೆಯಲ್ಲಿದ್ದುಕೊಂಡು ಸೊರಬದ ಹೈಸ್ಕೂಲಿಗೆ ಹೋಗುತ್ತಿದ್ದ ಬಸಣ್ಣ, ಅಂದರೆ ನಮ್ಮ ವೀರಬಸಪ್ಪ, ಎಂಬತ್ತೇಳರ ಒಂದು ಮಧ್ಯಾಹ್ನ ಅದರಲ್ಲಿ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಅಂಕ ಹೊಡೆದ. ಹೋಟೆಲ್ಲಿನ ಕರಿ ಹಲಗೆಯ ಮೇಲೆ, ಉಪ್ಪಿಟ್ಟಿನ ಕೆಳಗೆ, ಅವನ ಹೆಸರು ಒಂದು ವರ್ಷ ಇತ್ತು.

ಆಮೇಲೆ ಬದುಕಿನಲ್ಲಿ ಅವನ ಹೆಸರು ಯಾವ ಹಲಗೆಯ ಮೇಲೂ ಬರಲಿಲ್ಲ. ಎಸ್ಸೆಸ್ಸೆಲ್ಸಿಯ ಹಲಗೆಯ ಮೇಲಂತೂ ಬರಲೇ ಇಲ್ಲ.

ಎರಡು ವರ್ಷದಿಂದ ಅವನು ಆ ಮೆಷಿನ್ನನ್ನು ಲ್ಯಾಪ್‌ಟಾಪಿನಲ್ಲಿ ಕಂಪ್ಯೂಟರ್ ಆಟವಾಗಿ ಮತ್ತೆ ಕಟ್ಟುತ್ತಿದ್ದ. ಗುಂಡಿನ ತೂಕ, ಮೇಜಿನ ವಾಲು, ರಬ್ಬರಿನ ಪುಟಿತ, ಆ ಕಾಲದ ಚಿಪ್ಪಿನ ಪೀಂ ಪೀಂ ಸದ್ದು, ಒಂದನ್ನೂ ಬಿಟ್ಟಿರಲಿಲ್ಲ. ಇಂಥ ನಕಲುಗಳನ್ನು ಜೋಪಾನ ಮಾಡುವ ಸಂಘವೊಂದು ಬೆಲ್ಜಿಯಂನಲ್ಲಿತ್ತು. ಅದರ ದಾಖಲೆಗಳ ಪಟ್ಟಿಯಲ್ಲಿ ‘ಬಸಣ್ಣ, ಸೊರಬ, ೧೯೮೭’ ಎಂಬ ಸಾಲನ್ನು ಅವನು ಹಟ ಹಿಡಿದು ಸೇರಿಸಿದ್ದ. ಈಗ ಸಂಘದ ಹಿರಿಯ ಪೀಟರ್ ಬರೆದಿದ್ದ: ‘ನಿಮ್ಮ ನಕಲನ್ನು ಒಂದು ತಿಂಗಳು ಆಡಿದೆ. ಒಂದು ಲಕ್ಷ ದಾಟಲಿಲ್ಲ. ಹತ್ತು ಸಾವಿರ ಕೊಡುವ ಕುಳಿ ಅದರಲ್ಲಿ ಒಂದೇ, ಅದೂ ಮೇಲ್ತುದಿಯಲ್ಲಿ. ಒಂದೇ ಗುಂಡನ್ನು ನಲವತ್ತು ಸಲ ಅಲ್ಲಿಗೆ ಕಳಿಸುವುದು ಮನುಷ್ಯರಿಂದ ಆಗದ ಕೆಲಸ. ಒಂದೋ ನಕಲು ತಪ್ಪು, ಇಲ್ಲವೋ ದಾಖಲೆ ತಪ್ಪು. ಇವತ್ತು ನಿಮ್ಮ ನಾಲ್ಕು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ವಿವರಿಸಿ. ಆಗದಿದ್ದರೆ ಎರಡನ್ನೂ ತೆಗೆದುಹಾಕಬೇಕಾಗುತ್ತದೆ.’

ವೀರಬಸಪ್ಪ ಚಪ್ಪಲಿ ಮೆಟ್ಟಿದ.

“ಅಲ್ರೀ, ಮೂವತ್ತೆಂಟು ವರ್ಷದ ಹಿಂದಿನ ಗೋಲಿ ಆಟಕ್ಕೆ ಇವತ್ತು ಸಾಕ್ಷಿ ಹುಡುಕಾಕ ಹೊಂಟೀರೇನು?” ಹೆಂಡತಿ ನೀಲಾಂಬಿಕ ಕೇಳಿದಳು.

“ಗೋಲಿ ಅಲ್ಲ ಕಣೇ, ಪಿನ್‌ಬಾಲ್.”

“ಯಾವ ಬಾಲನಾದ್ರೂ ಆಗ್ಲಿ, ಉಂಡು ಹೋಗ್ರಿ.”

ಉಣ್ಣದೆ ಹೋದ. ಆ ಮೆಷಿನ್ನಿನಲ್ಲಿ ಬೆಲ್ಜಿಯಂನವರಿಗೆ ಗೊತ್ತಿಲ್ಲದ ಗುಟ್ಟೊಂದು ಇದ್ದೇ ಇದೆ, ಅದನ್ನು ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ ಎಂದು ಸೊರಬದ ಬಸ್ಸಿನ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಹೋಟೆಲ್ಲು ಮುಚ್ಚಿ ಬಹಳ ಕಾಲವಾಗಿತ್ತು. ಯಜಮಾನರೂ ಇರಲಿಲ್ಲ. ಅವರ ಹೆಂಡತಿ ವೀರಮ್ಮ ಹೋಟೆಲ್ಲಿದ್ದ ಅದೇ ಮನೆಯಲ್ಲಿದ್ದರು, ಮೆಷಿನ್ನು ಹಿತ್ತಲ ಕೊಟ್ಟಿಗೆಯಲ್ಲಿತ್ತು, ಕೊಟ್ಟಿಗೆಗೆ ಬೀಗ ಹಾಕಿತ್ತು.

“ಅತ್ತೆ ಉಳವಿಗೆ ನಾಮಕರಣಕ್ಕೆ ಹೋಗಿದಾರೆ. ಮೂರೂವರೆ ಬಸ್ಸಿಗೆ ಬರ್ತಾರೆ. ಬೀಗದ ಕೈ ಅವ್ರ ಸೊಂಟದಲ್ಲೇ ಇರದು,” ಅಂದಳು ಸೊಸೆ ಶ್ರೀಲತಾ. ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಜಗಲಿಯ ಮೇಲೆ ಉತ್ತರಪತ್ರಿಕೆ ಹರಡಿಕೊಂಡು, ಕೆಂಪು ಪೆನ್ನಿನಿಂದ ಮಕ್ಕಳ ವ್ಯಾಕರಣಕ್ಕೆ ಗೀಟು ಹಾಕುತ್ತಿದ್ದಳು.

ವೀರಬಸಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಪೀಂ ಪೀಂ ಸದ್ದು ಕೇಳಿ ಎದುರು ಅಂಗಡಿಯ ದರ್ಜಿ ಕೆಂಪಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡೇ ರಸ್ತೆ ದಾಟಿ ಬಂದ.

“ಬಸಣ್ಣ ಅಲ್ಲನಾ ನೀನು? ನಾಲ್ಕು ಲಕ್ಷದ ಬಸಣ್ಣ!”

ವೀರಬಸಪ್ಪನ ಎದೆ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು. ಬಂದ ಕಾರಣ ಹೇಳಿದ.

“ಅಯ್ಯೋ, ಅದಕ್ಕೆ ಬೀಗ ತೆಗೀಬೇಕಾ? ನನ್ನ ಕೇಳು,” ಅಂದ ಕೆಂಪಪ್ಪ. “ಎರಡನೇ ದೋಸೆ ಹೇಳಿ ಆಮೇಲೆ ಗುಂಡು ಬಿಡಬೇಕಿತ್ತು ಮಾರಾಯ. ಆಗ ಸಾವಿರಗಟ್ಟಲೆ ಏರದು. ಒಂದೇ ದೋಸೆ ತಿಂದು ಆಡಿದವನನ್ನ ಆ ಮೆಷಿನ್ನು ಮೂಸಿಯೂ ನೋಡ್ತಿರ್ಲಿಲ್ಲ.”

ವೀರಬಸಪ್ಪ ಯೋಚಿಸಿದ. ಮೆಷಿನ್ನು ಅಡುಗೆಮನೆಯ ಗೋಡೆಗೆ ಒರಗಿತ್ತು. ದೋಸೆ ಹಂಚಿನ ಶಾಖ ಗೋಡೆಯಿಂದ ಚಿಪ್ಪಿಗೆ ತಾಗಿರಬಹುದು. ಬರೆದುಕೊಂಡ.

“ದೋಸೆನೂ ಇಲ್ಲ, ಎಂತದೂ ಇಲ್ಲ,” ಎನ್ನುತ್ತ ಪಕ್ಕದ ಮನೆಯ ರಾಜಪ್ಪ ಬಂದ. ಬಸ್ ಕಂಡಕ್ಟರಾಗಿ ರಿಟೈರಾದವನು, ಈಗಲೂ ಯಾರನ್ನು ಕಂಡರೂ ಮುಂದಕ್ಕೆ ಸರಿಯಿರಿ ಎನ್ನುವ ಧಾಟಿಯಲ್ಲೇ ಮಾತಾಡುತ್ತಿದ್ದ. “ಬಾಯಲ್ಲಿ ಕೆಟ್ಟ ಮಾತು ಬರಬಾರದು, ಅಷ್ಟೇ. ನಾನೊಂದ್ಸಲ ಗುಂಡು ಬಿತ್ತು ಅಂತ ಅದರ ಅಮ್ಮನ್ನ ನೆನೆಸ್ಕೊಂಡೆ. ಆಮೇಲೆ ಏನು ಹೊಡೆದ್ರೂ ಅಂಕಿ ಕದಲ್ಲಿಲ್ಲ. ಮೆಷಿನ್ನಿಗೆ ಕಿವಿ ಇತ್ತು.”

“ಹೊಟ್ಟೆನೂ ಇತ್ತು,” ಅಂದ ಹಾಲಿನ ಡೈರಿಯ ಸುಬ್ಬಪ್ಪ. ಅವನು ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. “ಮಧ್ಯಾಹ್ನ ಹನ್ನೆರಡರಿಂದ ಒಂದರ ತನಕ ಅಂಕಿ ಏರ್ತಾನೇ ಇರ್ಲಿಲ್ಲ. ಊಟಕ್ಕೆ ಹೋಗ್ತಿತ್ತು.”

“ವೋಲ್ಟೇಜು,” ಅಂದ ವೀರಬಸಪ್ಪ.

“ವೋಲ್ಟೇಜಿಗೆ ಊಟದ ಹೊತ್ತು ಹೆಂಗೆ ಗೊತ್ತಾಗ್ತದೆ?” ಅಂದ ಸುಬ್ಬಪ್ಪ.

ಗಂಟೆ ಮೂರಾಯಿತು. ಬೇರೆ ದಾರಿ ಕಾಣದೆ ವೀರಬಸಪ್ಪ ಅವರು ಹೇಳಿದ್ದನ್ನೇ ಆಟಕ್ಕೆ ಸೇರಿಸತೊಡಗಿದ. ಡಿ ಎಂಬ ಕೀಲಿ ಒತ್ತಿದರೆ ಒಂದು ದೋಸೆ. ಎರಡನೆಯ ದೋಸೆಯಿಂದ ಮುಂದಕ್ಕೆ ದೋಸೆಗೆ ಹತ್ತು ಸಾವಿರ. ಸೆಟ್ ದೋಸೆಯನ್ನು ಒಂದೆಂದು ಎಣಿಸಬೇಕೋ ಮೂರೆಂದೋ ಎಂಬ ಬಗ್ಗೆ ಕೆಂಪಪ್ಪನಿಗೂ ಸುಬ್ಬಪ್ಪನಿಗೂ ಜಗಳವಾಯಿತು. ಶ್ರೀಲತಾ ತಲೆ ಎತ್ತದೆಯೇ, “ಸೆಟ್ ಏಕವಚನ,” ಅಂದಳು.

“ಎಲ್ಲ ಸರಿ, ಆದ್ರೆ ಹೊಡೆಯದು ಹಿಂಗಲ್ಲ,” ಅಂದ ರಾಜಪ್ಪ. “ಗುಂಡು ಪಕ್ಕಕ್ಕೆ ಸರೀತು ಅಂದ್ರೆ ಮೆಷಿನ್ನಿನ ಪಕ್ಕೆಗೆ ಕೊಡಬೇಕು. ಸರೀರಿ, ತೋರಿಸ್ತೀನಿ.”

ಯಾರಾದರೂ ತಡೆಯುವುದರೊಳಗೆ ಮೂವತ್ತು ವರ್ಷ ಬಸ್ಸಿನ ತಗಡು ಬಡಿದ ಕೈ ಲ್ಯಾಪ್‌ಟಾಪಿನ ಪಕ್ಕೆಗೆ ಬಿತ್ತು. ಲ್ಯಾಪ್‌ಟಾಪ್ ಉತ್ತರಪತ್ರಿಕೆಗಳ ಮೇಲೆ ಜಾರಿ, ಜಗಲಿಯಿಂದ ಹಾರಿ, ಅಂಗಳದಲ್ಲಿ ಕವುಚಿ ಬಿತ್ತು. ಎತ್ತಿ ನೋಡಿದರೆ ಪರದೆ ಬದುಕಿತ್ತು. ಡಿ ಕೀಲಿ ಮಾತ್ರ ಒಳಕ್ಕೆ ಕೂತುಬಿಟ್ಟಿತ್ತು.

ಅಂಕಿ ತನ್ನಷ್ಟಕ್ಕೆ ಏರತೊಡಗಿತು. ಐದು ಲಕ್ಷ. ಒಂಬತ್ತು ಲಕ್ಷ. ಕಾಣದ ಹಂಚಿನಿಂದ ದೋಸೆಯ ಮೇಲೆ ದೋಸೆ ಬೀಳುತ್ತಿತ್ತು. ವೀರಬಸಪ್ಪ ಕೀಲಿಯನ್ನು ಉಗುರಿನಿಂದ ಎಬ್ಬಿಸಿದ, ಕೆಂಪಪ್ಪ ಸೂಜಿಯಿಂದ ಎಬ್ಬಿಸಿದ, ಸುಬ್ಬಪ್ಪ ಬಾಯಿಂದ ಊದಿದ. ಇಪ್ಪತ್ತು ಲಕ್ಷ ದಾಟಿತು. ಮೂರೂವರೆಯ ಬಸ್ಸು ಬರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ, ಒಂದು ನಿಮಿಷ ಆಚೆ ಈಚೆ ಇಲ್ಲದಂತೆ, ಅದೇ ಪರದೆಯ ಮೂಲೆಯಲ್ಲಿ ಬಿಳಿ ಗಡ್ಡದ ಪೀಟರ್ ಕಾಣಿಸಿಕೊಂಡ.

ಪೀಟರ್ ನಮಸ್ಕಾರ ಹೇಳುವ ಮೊದಲು, ತನಗೂ ಕಾಣುವಂತೆ ಹಂಚಿಟ್ಟಿದ್ದ ಆಟದ ಪರದೆಯಲ್ಲಿ ಅಂಕಿಯನ್ನು ನೋಡಿದ. ಮೂವತ್ತೆಂಟು ಲಕ್ಷ. ಗುಂಡು ಆಡುತ್ತಿರಲಿಲ್ಲ, ರೆಕ್ಕೆ ಅಲುಗುತ್ತಿರಲಿಲ್ಲ.

“ಏನದು?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ದೋಸಾ,” ಅಂದ ವೀರಬಸಪ್ಪ.

ಪೀಟರ್ ಕನ್ನಡಕ ತೆಗೆದು ಒರೆಸಿಕೊಂಡ. ಅಷ್ಟರಲ್ಲಿ, ಪುಣ್ಯಕ್ಕೆ, ಗೇಟಿನ ಸದ್ದಾಯಿತು. ಕೈಯಲ್ಲಿ ನಾಮಕರಣದ ಲಾಡು ಕಟ್ಟಿದ ಕರ್ಚೀಫು ಹಿಡಿದು ವೀರಮ್ಮ ಒಳಗೆ ಬಂದರು. ಎಂಬತ್ತರ ಹತ್ತಿರವಾಗಿದ್ದರೂ ಕಣ್ಣು ಚುರುಕಾಗಿತ್ತು.

“ಯಾರಾ ಇದು? ಬಸಣ್ಣನಾ? ಎಷ್ಟು ದಪ್ಪ ಆಗಿದೀಯಾ!”

“ಅಮ್ಮಾ, ಮೊದ್ಲು ಕೊಟ್ಟಿಗೆ ಬೀಗ,” ಎಂದು ವೀರಬಸಪ್ಪ ಕೈಮುಗಿದ.

ವೀರಮ್ಮ ಬೀಗ ತೆಗೆದರು, ಎಲ್ಲರೂ ಕೊಟ್ಟಿಗೆಗೆ ನುಗ್ಗಿದರು. ಲ್ಯಾಪ್‌ಟಾಪನ್ನು ದೇವರ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಶ್ರೀಲತಾ ಹಿಂದೆ ಬಂದಳು; ಪೀಟರನಿಗೆ ಎಲ್ಲ ಕಾಣಬೇಕಲ್ಲ. ಹುಲ್ಲಿನ ಹೊರೆ ಸರಿಸಿದಾಗ ಮೆಷಿನ್ನು ಕಂಡಿತು. ಗಾಜಿನ ಮೇಲೆ ಬೆರಳಷ್ಟು ಧೂಳು, ಧೂಳಿನ ಕೆಳಗೆ ಅದೇ ಮೇಜು, ಅದೇ ರೆಕ್ಕೆಗಳು. ವೀರಬಸಪ್ಪ ಅಂಗೈಯಿಂದ ಧೂಳು ಒರೆಸಿದ. ಬೋಲ್ಟು ಬಿಚ್ಚಿ, ಆಟದ ಹಲಗೆಯನ್ನು ಎತ್ತಿ ಕೆಳಗೆ ಟಾರ್ಚು ಬಿಟ್ಟ.

ಹಲಗೆಯಡಿ ರೆಕ್ಕೆಯ ಎರಡು ದಪ್ಪ ತಂತಿ ಬಿಟ್ಟರೆ ಒಂದೂ ನೆಟ್ಟಗಿರಲಿಲ್ಲ. ಸಣ್ಣ ತಂತಿಗಳೆಲ್ಲ ತುಂಡು ತುಂಡಾಗಿ ಶಾವಿಗೆಯ ಹಾಗೆ ಉದುರಿದ್ದವು.

“ಇಲಿ,” ಅಂದರು ವೀರಮ್ಮ.

“ಈಗ ಕೊಟ್ಟಿಗೆಗೆ ಹಾಕಿದ್ಮೇಲಾ?”

“ಇಲ್ಲಪ್ಪ. ಬಂದ ವರ್ಷದ ಮಳೆಗಾಲದಲ್ಲೇ. ಎಂಬತ್ತೈದನೇ ಇಸವಿ.”

“ನಾನು ಆಡಿದ್ದು ಎಂಬತ್ತೇಳರಲ್ಲಿ. ಈ ತಂತಿ ಇಲ್ದೆ ಗುಂಡು ಎಲ್ಲಿ ಬಡೀತು ಅಂತ ಮೆಷಿನ್ನಿಗೆ ತಿಳಿಯಕ್ಕೆ ಸಾಧ್ಯನೇ ಇಲ್ಲ. ಅಂಕಿ ಹೆಂಗೆ ಏರ್ತಿತ್ತು?”

ವೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ನಾನೇ ಏರಿಸ್ತಿದ್ದೆ.”

ವೀರಬಸಪ್ಪನ ಟಾರ್ಚು ಹಲಗೆಯಿಂದ ಅವರ ಮುಖಕ್ಕೆ ತಿರುಗಿತು.

“ರಿಪೇರಿ ಮಾಡೋರು ಸಿಗ್ಲಿಲ್ಲ ಕಣಾ. ಯಜಮಾನ್ರು ರೇಡಿಯೋ ಅಂಗಡಿಯವನ್ನ ಕರೆಸಿ, ಹಿಂದಿನಿಂದ ಮೂರು ತಂತಿ ಎಳೆಸಿ ಅಡುಗೆಮನೆಗೆ ತಂದ್ರು. ಮೂರಕ್ಕೂ ನೇತಾಡೋ ಸ್ವಿಚ್ಚು. ಒಂದು ನೂರರದ್ದು, ಒಂದು ಸಾವಿರದ್ದು, ಒಂದು ಹತ್ತು ಸಾವಿರದ್ದು. ಗೋಡೆಯಲ್ಲಿ ಒಂದು ತೂತು. ತೂತಿನಿಂದ ನೋಡ್ತಾ ಒಂದು ಕೈಲಿ ದೋಸೆ ಹೊಯ್ಯದು, ಇನ್ನೊಂದು ಕೈಲಿ ಸ್ವಿಚ್ಚು ಒತ್ತದು. ಆರು ವರ್ಷ ಮಾಡಿದೀನಿ.”

“ಹಂಗಾದ್ರೆ ಎರಡನೇ ದೋಸೆ...” ಅಂದ ಕೆಂಪಪ್ಪ.

“ಎರಡು ತಿಂದೋರಿಗೆ ಸ್ವಲ್ಪ ಜಾಸ್ತಿ ಕೊಡ್ತಿದ್ದೆ. ವ್ಯಾಪಾರ ಅಲ್ಲನಾ? ಕೆಟ್ಟ ಮಾತಾಡೋರಿಗೆ ಕೊಡಕ್ಕೆ ಕೈಯೇ ಬರ್ತಿರ್ಲಿಲ್ಲ. ಮತ್ತೆ ಹನ್ನೆರಡು ಗಂಟೆಗೆ ಊಟದ ಗಲಾಟೆ. ಅನ್ನ ಬಸಿಯದು ಬಿಟ್ಟು ನಿಮ್ಮ ಗುಂಡು ನೋಡ್ತಾ ಕೂರಕ್ಕೆ ಪುರುಸೊತ್ತೆಲ್ಲಿತ್ತು?”

ಮೂವರೂ ಗೆದ್ದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶ್ರೀಲತಾ ಒಂದೊಂದು ಮಾತನ್ನೂ ವ್ಯಾಕರಣ ತಪ್ಪದ ಇಂಗ್ಲಿಷಿಗೆ ತಿರುಗಿಸಿ ಪೀಟರನಿಗೆ ಹೇಳುತ್ತಿದ್ದಳು. ಬೇಡ ಎಂದು ವೀರಬಸಪ್ಪ ಕೈಯಾಡಿಸಿದ್ದನ್ನು ಅವಳು ಸೊಳ್ಳೆ ಓಡಿಸುತ್ತಿದ್ದಾನೆ ಎಂದುಕೊಂಡಳು.

ಅವನಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಅಂಕ ಕೊಟ್ಟಿದ್ದು ಇವರೇ ಇರಲಿ. ಆಟ ನೋಡಿ ತಾನೆ ಕೊಟ್ಟದ್ದು? ಪರೀಕ್ಷೆಯಲ್ಲಿ ಮಾಸ್ತರು ಕೊಡುವುದಿಲ್ಲವೆ?

“ಅಮ್ಮಾ, ನನ್ನ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ... ನಾನು ಚೆನ್ನಾಗಿ ಆಡ್ದೆ ಅಂತ ಕೊಟ್ರಿ ಅಲ್ವಾ?”

ವೀರಮ್ಮ ಕರ್ಚೀಫಿನ ಗಂಟು ಬಿಚ್ಚಿ ಅವನ ಕೈಗೆ ಒಂದು ಲಾಡು ಇಟ್ಟರು. “ಮೊದ್ಲು ಇದನ್ನ ತಿನ್ನು.”

“ಹೇಳಿ ಅಮ್ಮಾ.”

“ಅವತ್ತು ಹಾಲು ಉಕ್ಕಿತು ಅಂತ ಒಲೆ ಹತ್ರ ಓಡಿದೆ ಕಣಾ. ಹತ್ತು ಸಾವಿರದ ಸ್ವಿಚ್ಚು ಹಂಗೇ ನೇತಾಡ್ತಿತ್ತು. ನಮ್ಮನೆ ಬೆಕ್ಕು ಅದನ್ನ ಗೋಡೆಗೆ ಒತ್ಕೊಂಡು ಕಚ್ಚದೇನು, ಕಾಲಲ್ಲಿ ಬಡಿಯದೇನು! ಬರೋ ಹೊತ್ತಿಗೆ ನಾಲ್ಕು ಲಕ್ಷ ದಾಟಿತ್ತು. ನಿನ್ನ ಗುಂಡು ಯಾವಾಗ್ಲೋ ಬಿದ್ದುಹೋಗಿತ್ತು. ನೀನು ನೋಡಿದ್ರೆ ಹೊರಗೆ ಕುಣೀತಿದ್ದೆ. ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಯಜಮಾನ್ರು, ಇರ್ಲಿ ಬಿಡು, ಅಂತ ಹಲಗೆ ಮೇಲೆ ಬರೆದ್ರು.”

ವೀರಬಸಪ್ಪ ಲಾಡನ್ನು ಬಾಯಿಗಿಟ್ಟುಕೊಂಡ. ಮೂವತ್ತೆಂಟು ವರ್ಷ ಅವನು ಯಾರಿಗೂ ಹೇಳದೆ ಎಷ್ಟೋ ಸಲ ಆ ಮಧ್ಯಾಹ್ನಕ್ಕೆ ಹೋಗಿ ಬಂದಿದ್ದ. ಅಂಗಡಿಯಲ್ಲಿ ಗಿರಾಕಿ ಬೈದ ದಿನ, ಬೆಳೆದ ಮಗ ಎದುರು ಮಾತಾಡಿದ ದಿನ. ಅಲ್ಲಿ ತಾನು ಮಾತ್ರ ಇದ್ದೆನೆಂದುಕೊಂಡಿದ್ದ. ಗೋಡೆಯಾಚೆ ಬೆಕ್ಕೂ ಇತ್ತು.

ಲ್ಯಾಪ್‌ಟಾಪಿನಿಂದ ವಿಚಿತ್ರ ಸದ್ದು ಬರತೊಡಗಿತು. ಪೀಟರ್ ಗಡ್ಡ ಅಲುಗುವಂತೆ ನಗುತ್ತಿದ್ದ. ಕಣ್ಣು ಒರೆಸಿಕೊಂಡು ಅವನು ಹೇಳಿದ್ದನ್ನು ಈ ಸಲ ಶ್ರೀಲತಾ ಕನ್ನಡಕ್ಕೆ ತಿರುಗಿಸಿದಳು:

“ನಿಮ್ಮ ಆಟ ತಗೋತಾರಂತೆ. ಇಂಥ ಮೆಷಿನ್ನು ಜಗತ್ತಿನಲ್ಲೇ ಇನ್ನೊಂದಿಲ್ವಂತೆ. ಆದ್ರೆ ಅಂಕದ ಲೆಕ್ಕ ಅಂತ ನೀವು ಎರಡು ವರ್ಷ ಬರೆದಿದೀರಲ್ಲ, ಅದನ್ನೆಲ್ಲ ತೆಗೆದುಹಾಕ್ಬೇಕಂತೆ. ಸೊರಬದ ಮೆಷಿನ್ನಿನ ನಕಲು ಅಂದ್ಮೇಲೆ ಅಂಕ ಕೊಡಕ್ಕೆ ಹಿಂದೆ ಒಬ್ರು ಕೂರ್ಲೇಬೇಕಂತೆ. ಮಾಡಿದವರು ಅನ್ನೋ ಕಡೆ ಅತ್ತೆ ಹೆಸರು ಮೊದ್ಲು ಬರುತ್ತಂತೆ.”

“ಆಗ್ಲಿ,” ಅಂದ ವೀರಬಸಪ್ಪ, ಸೋತ ದನಿಯಲ್ಲಿ.

“ಇನ್ನೊಂದು ವಿಷಯ ಇದೆಯಂತೆ. ದಾಖಲೆ ಪಟ್ಟಿಯಲ್ಲಿ ನಿಮ್ಮ ಹೆಸರು ತೆಗೆದು, ಅಂಕ ಹೊಡೆದವರದ್ದೇ ಹಾಕ್ಬೇಕಂತೆ. ಬೆಕ್ಕಿನ ಹೆಸರೇನು ಅಂತ ಕೇಳ್ತಿದಾರೆ.”

ಎಲ್ಲರೂ ವೀರಮ್ಮನ ಕಡೆ ತಿರುಗಿದರು. ವೀರಮ್ಮ ವೀರಬಸಪ್ಪನನ್ನು ನೋಡಿದರು, ನೆಲ ನೋಡಿದರು, ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅಲ್ಲೀತನಕ ಅದಕ್ಕೆ ಹೆಸರೇ ಇಟ್ಟಿರ್ಲಿಲ್ಲ. ಅವತ್ತಿಂದ ಯಜಮಾನ್ರು ಅದನ್ನ ಬಸಣ್ಣ, ಬಸಣ್ಣ ಅಂತ ಕರೆಯಕ್ಕೆ ಹಿಡಿದ್ರು.”

ಶ್ರೀಲತಾ ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಪೀಟರ್ ಕನ್ನಡಕ ಏರಿಸಿ ಪಟ್ಟಿಯ ಮೇಲೆ ಬೆರಳಾಡಿಸಿದ. ‘ಬಸಣ್ಣ, ಸೊರಬ, ೧೯೮೭’ ಎಂಬ ಸಾಲು ಸಿಕ್ಕ ಕೂಡಲೇ ಅವನ ಮುಖ ಅರಳಿತು.

“ಹಾಗಾದ್ರೆ ತಿದ್ದೋದೇನೂ ಇಲ್ವಂತೆ,” ಅಂದಳು ಶ್ರೀಲತಾ.