ಕಣ್ಣು ಮುಚ್ಚಿ ಮಾಡಿದ ಉಳಿತಾಯ

ಕಣ್ಣಿನ ಪೊರೆ ತೆಗೆಸಲು ದರ್ಜಿಯ ಬಳಿ ಹಣವಿರಲಿಲ್ಲವೆಂದಲ್ಲ, ಇತ್ತು. ಆದರೆ ಅದು ಮುದಿತನಕ್ಕೆಂದು ಬ್ಯಾಂಕಿನಲ್ಲಿಟ್ಟ ಗಂಟು ಎಂಬುದು ಅವನ ವಾದ.

"ಎಪ್ಪತ್ತೊಂದು ತುಂಬ್ತು ನಿಮಗೆ. ಇನ್ಯಾವಾಗ ಬರತ್ತಂತೆ ಆ ಮುದಿತನ?" ಎಂದಳು ಹೆಂಡತಿ.

"ಬಂದಾಗ ಬರತ್ತೆ. ಆಗ ಕೈಯಲ್ಲಿ ಕಾಸಿಲ್ಲದೆ ಮಗಳ ಮನೆ ಬಾಗಿಲಿಗೆ ಹೋಗಿ ನಿಲ್ಲಲಾ?"

ಅವಳು ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಿದಳು. ಎರಡು ವರ್ಷದಿಂದ ಆ ಕೆಲಸ ಅವಳದೇ. (ಅಂಗಡಿಯ ಒಡೆಯನಾದವನು ಇಂಥ ಚಿಲ್ಲರೆ ಕೆಲಸ ಮಾಡಬಾರದೆಂದು ದರ್ಜಿ ಆ ಖಾತೆಯನ್ನು ಅವಳಿಗೆ ದಯಪಾಲಿಸಿದ್ದ. ಸೂಜಿಯ ಕಣ್ಣು ಅವನ ಕಣ್ಣಿಗೆ ಕಾಣುತ್ತಿರಲಿಲ್ಲವೆಂಬುದು ಬೇರೆ ಮಾತು.)

ಆದರೂ ಅವನಿಗೆ ಒಳಗೊಳಗೇ ಚಡಪಡಿಕೆ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಅಂಗಡಿ ಮುಚ್ಚಿದರೆ ಊಟಕ್ಕೂ ಆ ಗಂಟನ್ನೇ ಬಿಚ್ಚಬೇಕು. ಎದ್ದು ಬಾಗಿಲಿಗೆ ಹೋಗುವನು, ಬೀದಿ ನೋಡುವನು, ಬಂದು ಕೂರುವನು, ಮತ್ತೆ ಏಳುವನು. ಕೊನೆಗೆ ತಪ್ಪೆಲ್ಲ ರೆಡಿಮೇಡ್ ಅಂಗಡಿಗಳದೆಂದು ತೀರ್ಮಾನಿಸಿ ಮನಸಾರೆ ಬಯ್ಯುವನು.

ಹೀಗಿರುವಾಗ ಪಕ್ಕದ ಬೀದಿಯ ಕಣ್ಣಿನ ಡಾಕ್ಟರು ಒಂದು ಬಿಳಿ ಕೋಟು ಹೊಲಿಯಲು ಕೊಟ್ಟರು. ದರ್ಜಿಗೆ ಪಟ್ಟಾಭಿಷೇಕವಾದಷ್ಟು ಸಂಭ್ರಮ. ಇದೊಂದು ಮೆಚ್ಚುಗೆಯಾದರೆ ಆಸ್ಪತ್ರೆಯವರೆಲ್ಲರ ಕೋಟೂ ತನಗೇ! ಹೆಂಡತಿ ದಾರ ಪೋಣಿಸಿಕೊಟ್ಟಳು. ಅವನು ಉಸಿರು ಬಿಗಿಹಿಡಿದು ಹೊಲಿದ, ಇಸ್ತ್ರಿ ಮಾಡಿ ತಾನೇ ಒಯ್ದುಕೊಟ್ಟ.

ಡಾಕ್ಟರು ಕೋಟು ತೊಟ್ಟು ಕನ್ನಡಿಯೆದುರು ನಿಂತರು. ಬಹಳ ಹೊತ್ತು ನಿಂತರು.

"ಯಜಮಾನ್ರೇ, ಯಾವ ಬಣ್ಣದ ದಾರ ಹಾಕಿದ್ದೀರಿ?"

"ಬಿಳಿ ಬಟ್ಟೆಗೆ ಬಿಳಿ ದಾರ ಅಲ್ವೇ ಡಾಕ್ಟ್ರೇ."

ತೋಳು, ಜೇಬು, ಕಾಲರು ಎಲ್ಲ ಕಡೆಯೂ ನಿಂಬೆಹಣ್ಣಿನ ಹಳದಿ ದಾರ ಮಿರಮಿರ ಮಿಂಚುತ್ತಿತ್ತು. ಡಾಕ್ಟರು ಅದನ್ನು ತಿಳಿಸಿ, ಅವನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಉಳಿದ ಕೋಟುಗಳ ಮಾತು ಕಣ್ಣು ಸರಿಯಾದ ಮೇಲೆ ಎಂದುಬಿಟ್ಟರು.

ದರ್ಜಿ ಮನೆಗೆ ಬಂದು ಹಾರಾಡಿದ. ಹಳದಿ ದಾರ ಯಾಕೆ ಕೊಟ್ಟೆ ಎಂದು ಕೇಳಿದ.

"ಬಿಳೀದು ಕೊಟ್ಟಿದ್ರೆ ನೀವು ಆ ಕುರ್ಚಿ ಮೇಲೆ ಕೂರ್ತಿದ್ರಾ?" ಎಂದಳು ಅವಳು. "ನಿಮ್ಮ ಕಣ್ಣು ದುಡಿಯೋವರೆಗೆ ನಮ್ಮ ಊಟ. ಬ್ಯಾಂಕಲ್ಲಿರೋದನ್ನ ಕೂತು ತಿಂದ್ರೆ ಎಷ್ಟು ದಿನ ಬರತ್ತೆ?"

ಗಂಟು ಒಂದಿಷ್ಟು ಕರಗಿತು. ಬಲಗಣ್ಣಿನ ಪೊರೆ ಹೋಯಿತು. ಪಟ್ಟಿ ಬಿಚ್ಚಿದ ದಿನ ದರ್ಜಿ ದಿಗ್ವಿಜಯಕ್ಕೆ ಹೊರಟವನಂತೆ ಬೀದಿಗಿಳಿದ. ಎದುರಿಗೆ ಅಂಚೆಯವನು ಬಂದ. ಅವನ ಪ್ಯಾಂಟಿನ ಒಂದು ಕಾಲು ಪಾದ ಮುಚ್ಚಿತ್ತು, ಇನ್ನೊಂದು ಕಾಲುಚೀಲವನ್ನು ಪ್ರದರ್ಶನಕ್ಕಿಟ್ಟಿತ್ತು. ಹಾಲಿನವನ ಅಂಗಿಯ ಜೇಬು ಕಂಕುಳಿಗೆ ವಲಸೆ ಹೋಗಿತ್ತು. ಹೆಡ್‌ಮೇಷ್ಟರ ಕಾಲರು ಒಂದು ಕಿವಿಯನ್ನು ಮುಟ್ಟಿ ಇನ್ನೊಂದನ್ನು ಮರೆತಿತ್ತು. ಎಲ್ಲವೂ ತನ್ನದೇ ಕೈಕೆಲಸ.

ಅವನು ಸರಸರನೆ ಮನೆಗೆ ಬಂದು ಬಾಗಿಲು ಹಾಕಿಕೊಂಡ.

"ಇದನ್ನೆಲ್ಲ ಬಿಚ್ಚಿ ಪುಕ್ಕಟೆ ಹೊಲಿದುಕೊಡಬೇಕಲ್ಲೇ. ನೀನಾದ್ರೂ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ರೆಡಿಮೇಡಿನವರನ್ನ ಬಯ್ಯೋದ್ರಲ್ಲಿದ್ರಿ. ಮುಂದಿನ ತಿಂಗಳು ಎಡಗಣ್ಣಿನ ಪೊರೆ ತೆಗೆಸೋಕೆ ಬರಬೇಕಂತೆ, ಡಾಕ್ಟ್ರು ಹೇಳಿದ್ರು."

ದರ್ಜಿ ಕಿಟಕಿಯ ಪರದೆಯನ್ನೂ ಎಳೆದ.

"ಅದೊಂದು ಹಾಗೇ ಇರಲಿ ಕಣೇ," ಎಂದ ಮೆಲ್ಲಗೆ. "ಒಂದು ಕಣ್ಣಿಗೇ ಇಷ್ಟು ಕಂಡಿದೆ."