ನನ್ನ ಸೇನಾಪತಿಯನ್ನು ಬೆಳಗಿದ ಹುಣಸೆಹಣ್ಣಿನವರಿಗೆ

ಶಿಡ್ಲಘಟ್ಟ,
ಅಕ್ಟೋಬರ್ ೨೦, ೧೯೬೪

ಮಹಾರಾಜರಾಜಶ್ರೀ ಹಳೇ ಹುಣಸೆಹಣ್ಣಿನವರ ಸನ್ನಿಧಾನಕ್ಕೆ,
ಉಪ್ಪಿನ ಜಾಡಿಯ ಎಡಪಕ್ಕ, ನಮ್ಮ ಅಡುಗೆಮನೆ.

ಮಾನ್ಯರೇ,

ತಮ್ಮ ಹುಳಿ ದಿನೇ ದಿನೇ ಅಭಿವೃದ್ಧಿಯಾಗಲಿ, ತಮ್ಮ ನಾರಿಗೂ ಬೀಜಕ್ಕೂ ಯಾವ ಕುಂದೂ ಬಾರದಿರಲಿ ಎಂದು ಪ್ರಾರ್ಥಿಸಿ, ತಾಲ್ಲೂಕು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತನಾಗಿರುವ ಪುಟ್ಟಸ್ವಾಮಯ್ಯನೆಂಬ ನಾನು, ತಮ್ಮ ಸಾರನ್ನು ದಿನಕ್ಕೆರಡು ಹೊತ್ತು ಸುರಿದು ಉಂಡ ಋಣವನ್ನು ನೆನೆಯುತ್ತಾ, ಈ ಅಹವಾಲನ್ನು ಊರವರೆಲ್ಲ ಓದುವಂತೆ ಬರೆದುಕೊಳ್ಳುತ್ತಿದ್ದೇನೆ. ತಮ್ಮ ಪುಳಿಯೋಗರೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಗೊಜ್ಜಿನ ಬಗ್ಗೆಯಂತೂ ಇಲ್ಲವೇ ಇಲ್ಲ.

ನನಗೂ ಚಿಂತಾಮಣಿಯಲ್ಲಿ ಚರಿತ್ರೆಯ ಮೇಷ್ಟ್ರಾಗಿರುವ ನನ್ನ ಸ್ನೇಹಿತ ಸತ್ಯಮೂರ್ತಿಗೂ ಭಾನುವಾರಗಳಂದು ಯುದ್ಧ ಮಾಡುವ ಅಭ್ಯಾಸವುಂಟೆಂಬುದು ತಮಗೆ ತಿಳಿದಿರಲಾರದು. ಗಾಬರಿಯಾಗಬೇಡಿ, ಒಂದು ಮೇಜು, ಅದರ ಮೇಲೆ ಜೇಡಿಮಣ್ಣಿನಲ್ಲಿ ಕಟ್ಟಿದ ಅಂಬಾಜಿದುರ್ಗದ ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಒಳಗೊಬ್ಬರ ಸೈನ್ಯ, ಹೊರಗೊಬ್ಬರ ಸೈನ್ಯ, ಯಾರು ಎಷ್ಟು ನಡೆಯಬೇಕು, ಯಾರು ಸಾಯಬೇಕು ಎಂಬುದಕ್ಕೆ ಪಗಡೆಯ ದಾಳ, ಇಷ್ಟೇ. ಸಿಪಾಯಿಗಳೆಲ್ಲ ಮಣ್ಣಿನವರು. ಸೇನಾಪತಿಗಳಿಬ್ಬರು ಮಾತ್ರ ಎರಡಂಗುಲದ ಹಿತ್ತಾಳೆಯವರು, ಕಂಚುಗಾರ ಕೋನಪ್ಪ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಟ್ಟವರು. ಪ್ರತಿ ವಿಜಯದಶಮಿಯಂದು ನಾವಿಬ್ಬರೂ ಅವರಿಗೆ ಬಣ್ಣ ಹಚ್ಚಿ ಚಿಕ್ಕಬಳ್ಳಾಪುರಕ್ಕೆ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಲ್ಲಪ್ಪನವರ ಮುಂದೆ ಒಯ್ಯುತ್ತೇವೆ. ಯಾರ ಸೇನಾಪತಿ ನಿಜಕ್ಕೂ ಯುದ್ಧ ಕಂಡವನಂತೆ ಕಾಣುತ್ತಾನೋ ಅವರಿಗೆ ಒಂದು ವರ್ಷ ಕೋಟೆ, ಇನ್ನೊಬ್ಬರಿಗೆ ಬೆಟ್ಟದ ಬುಡ. ನಾನು ನಾಲ್ಕು ವರ್ಷದಿಂದ ಬೆಟ್ಟದ ಬುಡದಲ್ಲಿದ್ದೇನೆ, ಸ್ವಾಮೀ. ಒಂದೇ ಒಂದು ಸಲ ಆ ಕೋಟೆಯ ಒಳಗೆ ನಿಂತು, ಕೆಳಗಿರುವ ಸತ್ಯಮೂರ್ತಿಯನ್ನು ಕಣ್ತುಂಬ ನೋಡಬೇಕೆಂಬುದಷ್ಟೇ ನನ್ನ ಆಸೆ.

ಹೋದ ವರ್ಷ ನಾನು ಸೇನಾಪತಿಗೆ ಹೊಸ ಬಣ್ಣ ಬಳಿದು ಒಯ್ದಾಗ ಸತ್ಯಮೂರ್ತಿ ಎಲ್ಲರೆದುರಿಗೆ, “ಏನಯ್ಯಾ, ನಿನ್ನೋನು ಯುದ್ಧಕ್ಕೆ ಬಂದಿದಾನೋ, ಬೀಗರ ಊಟಕ್ಕೆ ಬಂದಿದಾನೋ?” ಎಂದು ನಕ್ಕುಬಿಟ್ಟ. ಆದ್ದರಿಂದ ಈ ವರ್ಷ ಬಣ್ಣ ಬಳಿಯುವುದಕ್ಕಿಂತ ಬಣ್ಣ ಕೆಡಿಸುವುದಕ್ಕೆ ಹೆಚ್ಚು ಶ್ರಮಪಟ್ಟೆ. ಜಾಲಿ ಅಂಟಿನಲ್ಲಿ ಕಲಸಿದ ನೀಲಿಯನ್ನು ರುಮಾಲಿಗೆ ಹಚ್ಚಿ, ಅದು ಬಿಸಿಲಿಗೆ ಮಾಸಿದಂತೆ ಕಾಣಲೆಂದು ಟೀ ಡಿಕಾಕ್ಷನ್ ಸವರಿದೆ. ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ ತೆಗೆದ ತುಕ್ಕನ್ನು ಅಳಿಲಿನ ಬಾಲದ ನಾಲ್ಕು ಕೂದಲಿನ ಕುಂಚದಿಂದ ಎದೆಕವಚದ ಅಂಚಿಗೆ ಇಳಿಬಿಟ್ಟೆ. ಜಂಗಮಕೋಟೆ ರಸ್ತೆಯ ಕೆಂಪು ಧೂಳನ್ನು ಬಟ್ಟೆಯಲ್ಲಿ ಸೋಸಿ ಕಾಲಿನ ಜೋಡಿಗೆ ಮೆತ್ತಿದೆ. ಕಂಕುಳಿಗೆ ಬೆವರಿನ ಕಲೆಯೆಂದು ದೀಪದ ಮಸಿ ಇಟ್ಟೆ. ಕತ್ತಿಯ ಹಿಡಿಗಂತೂ ಉಪ್ಪು ಮಜ್ಜಿಗೆ ಸವರಿ ಸವರಿ ಅಪ್ಪಟ ಹಸಿರು ಕಿಲುಬನ್ನೇ ಬೆಳೆಸಿದೆ. ಮೂರು ತಿಂಗಳು ಕಳೆದ ಮೇಲೆ ಅವನನ್ನು ನೋಡಿದರೆ, ಪಾಪ, ಕೂರಿಸಿ ಒಂದು ಲೋಟ ನೀರು ಕೊಡೋಣ ಎನಿಸುತ್ತಿತ್ತು.

ಇನ್ನು ತಪ್ಪೊಪ್ಪಿಗೆ. ನನ್ನ ಹೆಂಡತಿ ಗೋದಮ್ಮನ ಪೊರಕೆಗೆ ಹೆದರಿ ಅವನನ್ನು ದೇವರ ಗೂಡಿನಲ್ಲಿಟ್ಟು, ಇದು ನಮ್ಮ ಹಿರಿಯರ ಕಾಲದ ವೀರದೇವರು ಎಂದು ಸುಳ್ಳು ಹೇಳಿ, “ಮೈಲಿಗೆಯಲ್ಲಿ ಮುಟ್ಟಬಾರದು” ಎಂದು ಚೀಟಿ ಅಂಟಿಸಿದವನು ನಾನೇ. ಕಚೇರಿಯ ಭಾಷೆಯಲ್ಲಿ ಬರೆದ ನನಗೆ ಅದು ಮುಟ್ಟಬಾರದು ಎಂಬ ಆದೇಶ. ಹಬ್ಬಕ್ಕೆ ಗೌರಿಬಿದನೂರಿನಿಂದ ಬಂದಿದ್ದ ನನ್ನ ಸೋದರತ್ತೆ ಜಾನಕಮ್ಮನವರಿಗೆ ಅದು ಮಡಿಯಲ್ಲಿ ಮುಟ್ಟಬೇಕು ಎಂಬ ಆದೇಶ. ಆಯುಧಪೂಜೆಯ ಬೆಳಿಗ್ಗೆ ನಾನು ಕಚೇರಿಯ ಟೈಪ್‌ರೈಟರಿಗೆ ಕುಂಕುಮ ಇಟ್ಟು ಮನೆಗೆ ಬರುವಷ್ಟರಲ್ಲಿ ಅತ್ತೆ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯುಟ್ಟು, ತಮ್ಮನ್ನು ನಿಂಬೆಗಾತ್ರ ಹಿಡಿದು, ತೆಂಗಿನ ನಾರು ಬೂದಿ ಸಮೇತ ನನ್ನ ಸೇನಾಪತಿಯನ್ನು ಬೆಳಗಿ ಮುಗಿಸಿದ್ದರು.

“ಏನೋ ಪುಟ್ಟಸ್ವಾಮಿ, ದೇವ್ರಿಗೆ ಈ ಪಾಟಿ ಕಿಲುಬು ಹಿಡಿಸಿದೀಯಲ್ಲೋ! ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ? ಮಡೀಲೇ ತಿಕ್ಕಿದೀನಿ ಕಣೋ, ಯೋಚ್ನೆ ಮಾಡ್ಬೇಡ” ಎಂದರು. ಇವನು ದೇವರಲ್ಲ ಅತ್ತೆ ಎನ್ನಲು ಬಾಯಿ ಬರುತ್ತದೆಯೇ? ಮೂರು ತಿಂಗಳ ಶ್ರಮ ಬಚ್ಚಲ ಮೋರಿಯಲ್ಲಿ ಹರಿದುಹೋಗುವುದನ್ನು ನೋಡುತ್ತಾ ಕೈಮುಗಿದೆ, ತೀರ್ಥ ತೆಗೆದುಕೊಂಡೆ. ಫಳಫಳ ಹೊಳೆಯುತ್ತಿದ್ದ, ಹಣೆಗೆ ಕುಂಕುಮ ಬೇರೆ ಇಟ್ಟಿದ್ದ ಸೇನಾಪತಿ ಈ ಸಲ ನಿಜಕ್ಕೂ ಬೀಗರ ಊಟಕ್ಕೆ ಹೊರಟಿದ್ದ. ನನಗೆ ಅಳು ಬಂತು. ಅತ್ತೆ ಅದನ್ನು ಭಕ್ತಿಯೆಂದು ತಿಳಿದರು.

ಮಾರನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಸತ್ಯಮೂರ್ತಿ ಗಂಟು ಬಿಚ್ಚದೆ ಮುಖ ಇಳಿಬಿಟ್ಟು ಕೂತಿದ್ದ. ಬಿಚ್ಚಿದ ಮೇಲೆ ನೋಡುತ್ತೇನೆ, ಅವನ ಸೇನಾಪತಿಯೂ ಚಿನ್ನ! ಕೈಯಲ್ಲಿ ಕತ್ತಿ ಇದ್ದ ಮೇಲೆ ಇದೂ ಆಯುಧವೇ ಎಂದು ಅವನ ತಾಯಿ ಶ್ಯಾಮಲಮ್ಮನವರು, ತಮ್ಮ ಹುಣಸೆಹಣ್ಣಿನ ಬಳಗದವರನ್ನೇ ಹಿಡಿದು, ಅದೇ ಬೆಳಿಗ್ಗೆ ತಿಕ್ಕಿದ್ದರಂತೆ. ಅಬ್ಬಾ, ಎಂಥ ಸಮದೃಷ್ಟಿ ತಮ್ಮದು! ನಾನು ಜೀವ ಬಂದವನಂತೆ ಕೂತೆ. ಆದರೆ ನಲ್ಲಪ್ಪನವರು ಭೂತಗನ್ನಡಿ ಹಿಡಿದು ಇಬ್ಬರನ್ನೂ ತಿರುಗಿಸಿ ತಿರುಗಿಸಿ ನೋಡಿ, ಸತ್ಯಮೂರ್ತಿಯ ಸೇನಾಪತಿಯ ಎಡಗಂಕುಳಿನಲ್ಲಿ ಸಾಸಿವೆಯಷ್ಟು ಮಸಿ ಉಳಿದಿರುವುದನ್ನು ಕಂಡುಹಿಡಿದರು. “ಈಯಪ್ಪ ಬೆವ್ತಿದಾನೆ ಕಣ್ರೀ. ಬೆವರ್ದೆ ಯುದ್ಧ ಮಾಡಕ್ಕಾಗುತ್ತಾ?” ಎಂದು ಕೋಟೆಯನ್ನು ಅವನಿಗೇ ಕೊಟ್ಟರು. ಶ್ಯಾಮಲಮ್ಮನವರಿಗೆ ಕಣ್ಣಿನಲ್ಲಿ ಪೊರೆ. ನಮ್ಮ ಅತ್ತೆ ಎಪ್ಪತ್ತೊಂದರಲ್ಲೂ ಸೂಜಿಗೆ ದಾರ ಪೋಣಿಸುವವರು. ತಮ್ಮನ್ನು ಪೊರಕೆ ಕಡ್ಡಿಯ ತುದಿಗೆ ಸುತ್ತಿ ಕಂಕುಳಿನ ಒಳಗೂ ಕಳಿಸಿದ್ದರು. ಶ್ರದ್ಧೆ ಹೆಚ್ಚಾದ ಮನೆ ಸೋತಿತು, ಮಾನ್ಯರೇ. ನಲ್ಲಪ್ಪ ಮೇಷ್ಟ್ರ ತೀರ್ಪು ಸದ್ಯಕ್ಕೆ ತಾತ್ಕಾಲಿಕ. ದೀಪಾವಳಿಯಂದು ಇನ್ನೊಮ್ಮೆ ನೋಡಿ ಕಾಯಂ ಮಾಡುತ್ತಾರಂತೆ.

ಆದಕಾರಣ ತಮ್ಮಲ್ಲಿ ಬೇಡುವುದೇನೆಂದರೆ, ದೇವರಿಗೆ ಹಿಡಿದ ಕಿಲುಬು ಯಾವುದು, ಗುಮಾಸ್ತ ಹಿಡಿಸಿದ ಕಿಲುಬು ಯಾವುದು ಎಂದು ತಿಕ್ಕುವ ಮುನ್ನ ಕಡತ ನೋಡಿ ತಿಳಿಯತಕ್ಕದ್ದು. ನವರಾತ್ರಿಯ ಎಂಟನೆಯ ದಿನದಿಂದ ಹುಳಿಯನ್ನು ಕಡಿಮೆ ಮಾಡಿಕೊಂಡು, ಸಾಧ್ಯವಾದರೆ ಸಿಹಿಯಾಗತಕ್ಕದ್ದು. ಅದೂ ಆಗದಿದ್ದರೆ ಕಂಕುಳಿನಂಥ ಸೂಕ್ಷ್ಮ ಜಾಗಗಳಲ್ಲಿ ಸ್ವಲ್ಪ ನಾಚಿಕೆಯನ್ನಾದರೂ ಇಟ್ಟುಕೊಳ್ಳತಕ್ಕದ್ದು. ಒಪ್ಪದಿದ್ದಲ್ಲಿ ತಮ್ಮ ಮೇಲಧಿಕಾರಿಗಳಾದ ಹುಣಸೆಮರದವರಿಗೇ ದೂರು ಕೊಡುವೆನು. ಈ ಪತ್ರದ ಒಂದು ನಕಲನ್ನು ಸೀಗೆಕಾಯಿಯವರಿಗೂ ಮಾಹಿತಿಗಾಗಿ ಕಳಿಸಿದೆ.

ಬೆಟ್ಟದ ಬುಡದಿಂದ, ತಲೆಯೆತ್ತಿ ನೋಡುತ್ತಿರುವ
ತಮ್ಮ ವಿಶ್ವಾಸಿ,
ಪುಟ್ಟಸ್ವಾಮಯ್ಯ

ಮರೆತ ಮಾತು: ಮೇಲೆ ಕೇಳಿಕೊಂಡದ್ದೆಲ್ಲ ದೀಪಾವಳಿ ಕಳೆದ ಮೇಲೆ ಜಾರಿಗೆ ಬಂದರೆ ಸಾಕು. ಚಿಂತಾಮಣಿಯ ಶ್ಯಾಮಲಮ್ಮನವರಿಗೆ ಪಾಪ ಕಣ್ಣು ಕಾಣುವುದಿಲ್ಲ, ಅವರ ಮನೆಯ ವೀರದೇವರ ಕಂಕುಳಲ್ಲಿ ಕಿಲುಬು ಹಾಗೇ ಉಳಿದಿದೆಯಂತೆ ಎಂದು ಊಟಕ್ಕೆ ಕೂತಾಗ ನಾನು ಸುಮ್ಮನೆ ನಿಟ್ಟುಸಿರು ಬಿಟ್ಟೆ, ಅಷ್ಟೇ. ಅತ್ತೆಯವರು ನಾಳೆ ಬೆಳಗಿನ ಚಿಕ್ಕ ರೈಲಿಗೇ ಚಿಂತಾಮಣಿಗೆ ಹೊರಟಿದ್ದಾರೆ, ಅವರ ಬುಟ್ಟಿಯಲ್ಲಿ ತಾವೂ ಇದ್ದೀರಿ. ನಾಲ್ಕು ವರ್ಷದಲ್ಲಿ ಕೋಟೆಯೊಳಕ್ಕೆ ಕಾಲಿಡುತ್ತಿರುವ ನನ್ನ ಸೈನ್ಯದ ಮೊದಲ ಸಿಪಾಯಿ ತಾವು. ಎಡಗಂಕುಳು, ಮರೆಯಬೇಡಿ.