ಬಿಚ್ಚಣ್ಣನ ಪೂರ್ವತಯಾರಿ

ಎಲ್ಲ ಎಡವಟ್ಟಿಗೂ ಮೂಲ ಬೆಳಿಗ್ಗೆ ಬಂದ ಒಂದು ಫೋನು. "ಮಧ್ಯಾಹ್ನ ಮೂರಕ್ಕೆ ಸಂದರ್ಶನ ಅಂತ ಹೇಳಿದ್ವಲ್ಲ, ಬರೀ ಪ್ರಶ್ನೆ ಕೇಳೋದಲ್ಲ, ಮೆಷಿನ್ ರಿಪೇರಿ ಮಾಡಿ ತೋರಿಸೋದೂ ಇರುತ್ತೆ" ಎಂದು ಆಸ್ಪತ್ರೆಯ ಕಚೇರಿಯಿಂದ ಯಾರೋ ಹೆಂಗಸು ಹೇಳಿ, ಬಿಚ್ಚಣ್ಣ ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು.

ಬಿಚ್ಚಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಂಡದ್ದನ್ನೆಲ್ಲ ಬಿಚ್ಚುವ ಅವನ ಚಾಳಿಗೆ ವಠಾರದವರು ಕೊಟ್ಟ ಬಿರುದು. ರೇಡಿಯೋ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯ ಗೋಡೆ ಗಡಿಯಾರ, ಯಾವುದೂ ಅವನ ಕೈಯಿಂದ ಪಾರಾಗಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದ, ಅದು ನಡೆಯುತ್ತಲೂ ಇತ್ತು. ಆದರೆ ಪ್ರತಿ ಸಲವೂ ಒಂದು ಸ್ಕ್ರೂ ಮಾತ್ರ ಅವನ ಕೈಯಲ್ಲೇ ಉಳಿದುಬಿಡುತ್ತಿತ್ತು.

ಆಸ್ಪತ್ರೆ ಯಂತ್ರಗಳ ರಿಪೇರಿಯ ಕೋರ್ಸು ಮುಗಿಸಿ ಅವನಿಗೆ ವರ್ಷವಾಗಿತ್ತು. ಕಾಲೇಜಿನಲ್ಲಿ ಯಂತ್ರಗಳೆಲ್ಲ ಗಾಜಿನ ಬೀರುವಿನೊಳಗೆ, ಬೀರುವಿನ ಕೀಲಿಕೈ ಪ್ರಿನ್ಸಿಪಾಲರ ಜೇಬಿನೊಳಗೆ. "ನೋಡಿ ಕಲೀರಿ, ಮುಟ್ಟಿ ಕೆಡಿಸಬೇಡಿ" ಎನ್ನುವುದು ಅವರ ಪಾಠಕ್ರಮ. ಬಿಚ್ಚಣ್ಣ ನೋಡಿ ನೋಡಿಯೇ ಮೊದಲ ದರ್ಜೆಯಲ್ಲಿ ಪಾಸಾಗಿದ್ದ. ಆಮೇಲೆ ಹೋದ ಕಡೆಯೆಲ್ಲ "ಅನುಭವ ಇದೆಯಾ?" ಎಂದು ಕೇಳಿ ವಾಪಸು ಕಳಿಸಿದ್ದರು. ಕೆಲಸವನ್ನೇ ಕೊಡದೆ ಅನುಭವ ಕೇಳಿದರೆ ಎಲ್ಲಿಂದ ತರುವುದು? ಈ ಆಸ್ಪತ್ರೆಯವರು ಮಾತ್ರ ಅನುಭವ ಬೇಡ, ಹೊಸಬರೇ ಬನ್ನಿ ಎಂದಿದ್ದರು. ಇದೂ ಕೈತಪ್ಪಿದರೆ ಅಮ್ಮನ ಮುಖ ನೋಡುವುದು ಹೇಗೆಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು.

"ಕೆಟ್ಟೆ ಕಣಮ್ಮ! ನಾನು ಇಲ್ಲಿವರೆಗೂ ಒಂದು ಆಸ್ಪತ್ರೆ ಮೆಷಿನ್ನೂ ಮುಟ್ಟಿಲ್ಲ" ಎಂದು ತಲೆ ಮೇಲೆ ಕೈಹೊತ್ತು ಕೂತ.

ಆ ವಠಾರದಲ್ಲಿ ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಬಾಯಿಯೂ ಇತ್ತು. ಎರಡು ನಿಮಿಷದಲ್ಲಿ ಮಹಡಿಯಿಂದ ಲೈನ್‌ಮನ್ ಮಾವ ಇಳಿದು ಬಂದರು. ಕಂಬ ಹತ್ತಿ ಹತ್ತಿ ನಿವೃತ್ತರಾದವರು. ಜಗತ್ತಿನ ಎಲ್ಲ ಸಮಸ್ಯೆಯನ್ನೂ ವಿದ್ಯುತ್ ಸಮಸ್ಯೆ ಎಂದೇ ತಿಳಿದವರು.

"ಹೆದರ್ಕೋಬೇಡ. ಮೊದಲು ಪ್ಲಗ್ ನೋಡು. ಆಮೇಲೆ ಫ್ಯೂಸ್ ನೋಡು. ಆಗಲೂ ನಡೀಲಿಲ್ವಾ, ಮೇಲಿನೋರಿಗೆ ಫೋನ್ ಮಾಡಿ ಊಟಕ್ಕೆ ಹೋಗು. ನನ್ನ ಇಡೀ ಸರ್ವೀಸ್ ಹೀಗೇ ಕಳೀತು" ಎಂದು ಒಂದು ಹಿಡಿ ಸಣ್ಣ ಫ್ಯೂಸುಗಳನ್ನು ಅವನ ಅಂಗಿಯ ಜೇಬಿಗೆ ಸುರಿದರು.

ಅವರ ಬೆನ್ನಿಗೇ ಎದುರು ಮನೆಯ ನರ್ಸಕ್ಕ ಬಂದಳು. ಅದೇ ಆಸ್ಪತ್ರೆಯಲ್ಲಿ ಅವಳಿಗೆ ಹಗಲು ಪಾಳಿ. ಬೇರೆಯವರ ಕಷ್ಟ ಕಂಡರೆ ಸುಮ್ಮನಿರುವ ಜಾತಿಯವಳಲ್ಲ.

"ಅಷ್ಟಕ್ಕೆಲ್ಲ ಯಾಕೋ ಅಳ್ತೀಯ? ನಮ್ಮ ವಾರ್ಡಿನ ಹಿಂದಿನ ರೂಮಲ್ಲಿ ನಿನ್ನೆ ಸಂಜೆ ಒಂದಷ್ಟು ಮೆಷಿನ್ ತಂದು ಹಾಕಿದ್ದಾರೆ. ಒಂದಕ್ಕೂ ಜೀವ ಇಲ್ಲ, ಗುಜರಿಗೆ ಹೋಗೋವು. ನನ್ನ ಜೊತೆ ಬಾ, ಮಧ್ಯಾಹ್ನದವರೆಗೂ ಎಷ್ಟು ಬೇಕಾದ್ರೂ ಬಿಚ್ಚು. ಯಾರೂ ಕೇಳಲ್ಲ."

"ಹೋಗೋ ಮಗಾ" ಎಂದಳು ಅಮ್ಮ. "ಅಕ್ಕ ಅಷ್ಟು ಹೇಳ್ತಾ ಇದ್ದಾರೆ."

ಬಿಚ್ಚಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಕ್ರೂಡ್ರೈವರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟ.

ಹಿಂದಿನ ರೂಮಿನ ಬಾಗಿಲು ದೂಡಿದರೆ ಮೇಜಿನ ಮೇಲೆ ಸಾಲಾಗಿ ಐದು ಯಂತ್ರಗಳು. ಒಂದೊಂದರ ಮೇಲೂ ಒಂದು ನಂಬರಿನ ಚೀಟಿ. ಗುಜರಿಯವನ ಲೆಕ್ಕವಿರಬೇಕು ಎಂದುಕೊಂಡು ಬಿಚ್ಚಣ್ಣ ಚೀಟಿಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿದ. ಮೊದಲನೆಯದು ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ. ತೆರೆದು ನೋಡಿದರೆ ಯಾವ ಪುಣ್ಯಾತ್ಮನೋ ಬ್ಯಾಟರಿಯ ಸಂದಿಗೆ ಕಾಗದದ ಚೂರು ತುರುಕಿದ್ದ. ತೆಗೆದೊಡನೆ ದೀಪ ಹತ್ತಿತು. ಬಿಚ್ಚಣ್ಣನಿಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಉಸಿರಾಟದ ಔಷಧಿಯನ್ನು ಹಬೆ ಮಾಡುವ ಯಂತ್ರದಲ್ಲಿ ಫ್ಯೂಸ್ ಸುಟ್ಟಿತ್ತು. ಮಾವನ ಫ್ಯೂಸು ಸರಿಯಾಗಿ ಕೂತಿತು, ಸುಟ್ಟದ್ದು ಜೇಬಿಗಿಳಿಯಿತು. ಇಸಿಜಿ ಯಂತ್ರದ ಪ್ಲಗ್ಗಿನೊಳಗೆ ತಂತಿಯೊಂದು ಕಳಚಿಕೊಂಡಿತ್ತು. ಬಿಪಿ ಯಂತ್ರದ ಹೊಟ್ಟೆಯಲ್ಲಿ ಗಾಳಿಕೊಳವೆ ಮಡಚಿಕೊಂಡಿತ್ತು. ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರದಲ್ಲಿ ಜಾಡಿಯ ಮುಚ್ಚಳದ ರಬ್ಬರ್ ಬಳೆಯೇ ತಿರುಗುಮುರುಗಾಗಿತ್ತು. ಇಷ್ಟು ಸಣ್ಣ ಸಣ್ಣ ದೋಷಕ್ಕೆ ಇಷ್ಟು ಒಳ್ಳೆಯ ಯಂತ್ರಗಳನ್ನು ಗುಜರಿಗೆ ಹಾಕುತ್ತಾರಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಕೊನೆಗೆ ಐದನ್ನೂ ಒರೆಸಿ, ಥಳಥಳ ಹೊಳೆಯುವಂತೆ ಮಾಡಿ ಸಾಲಾಗಿ ಇಟ್ಟ. ಎಂದಿನಂತೆ ಕೈಯಲ್ಲಿ ಒಂದು ಸ್ಕ್ರೂ ಉಳಿಯಿತು. ಅದನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಳಿಸಿದ.

ನರ್ಸಕ್ಕ ಇಣುಕಿ ನೋಡಿ ಬೆರಗಾದಳು. "ಅಯ್ಯೋ, ಸತ್ತೋವನ್ನೆಲ್ಲ ಎಬ್ಬಿಸಿಬಿಟ್ಟಿದ್ದೀಯಲ್ಲೋ! ಹೋಗು, ಇವತ್ತು ಕೆಲಸ ನಿಂದೇ."

ಅವನಿಗೂ ಹಾಗೇ ಅನ್ನಿಸಿತು.

ಮೂರು ಗಂಟೆಗೆ ಕಾರಿಡಾರಿನ ಬೆಂಚಿನ ಮೇಲೆ ಹನ್ನೆರಡು ಮಂದಿ ಕೂತಿದ್ದರು. ಒಬ್ಬ ಉಗುರು ಕಚ್ಚುತ್ತಿದ್ದ, ಇನ್ನೊಬ್ಬಳು ಪುಸ್ತಕ ತಿರುವುತ್ತಿದ್ದಳು. ಬಿಚ್ಚಣ್ಣ ಮಾತ್ರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೊದಲ ಕರೆ ಅವನಿಗೇ ಬಂತು.

ಆಸ್ಪತ್ರೆಯ ಚೀಫ್ ಎಂಜಿನಿಯರ್ ಟೈ ಕಟ್ಟಿದ ದಪ್ಪ ಮನುಷ್ಯ. ಪ್ರಶ್ನೆಗಳನ್ನು ಚಕಚಕನೆ ಮುಗಿಸಿ, "ಬನ್ನಿ, ಪ್ರಾಕ್ಟಿಕಲ್‌ಗೆ ಹೋಗೋಣ" ಎಂದು ಎದ್ದರು. ಒಂದು ತಿರುವು, ಇನ್ನೊಂದು ತಿರುವು, ವಾರ್ಡು, ವಾರ್ಡಿನ ಹಿಂದಿನ ರೂಮು. ಪರಿಚಯದ ಬಾಗಿಲು ಕಂಡು ಬಿಚ್ಚಣ್ಣನಿಗೆ ಮೊದಲು ಖುಷಿಯಾಯಿತು. ಆಮೇಲೆ ತಲೆಗೆ ಹೊಳೆಯಿತು.

"ಇಲ್ಲಿ ಐದು ಮೆಷಿನ್ ಇವೆ. ಐದರಲ್ಲೂ ಒಂದೊಂದು ದೋಷ ಇದೆ. ಹುಡುಕಿ, ಹೇಗೆ ಸರಿಮಾಡೋದು ಅಂತ ತೋರಿಸಿ, ಮತ್ತೆ ಹಾಗೇ ಇಟ್ಟುಬಿಡಿ. ಮುಂದಿನವರಿಗೂ ಇವೇ ಮೆಷಿನ್."

"ದೋಷ ಇಲ್ಲ ಸಾರ್" ಎಂದ ಬಿಚ್ಚಣ್ಣ, ಬಾಗಿಲಲ್ಲೇ ನಿಂತು.

"ಮುಟ್ಟದೇನೇ ಹೇಳ್ತೀರೇನ್ರೀ? ನೋಡಿ, ಈ ಸಕ್ಷನ್ ಮೆಷಿನ್. ಒಂದು ಹನಿ ನೀರೂ ಎಳೆಯೋಲ್ಲ" ಎಂದು ಎಂಜಿನಿಯರ್ ಬಗ್ಗಿ ಸ್ವಿಚ್ ಒತ್ತಿದರು.

ಯಂತ್ರ ಗುರ್ರೆಂದಿತು. ಕೊಳವೆಯ ಬಾಯಿ ಟೈಯನ್ನು ಕಚ್ಚಿ ಹಿಡಿಯಿತು. ಎಂಜಿನಿಯರ್ ಹಿಂದಕ್ಕೆ ಜಗ್ಗಿದರು, ಯಂತ್ರ ಮುಂದಕ್ಕೆ ಜಗ್ಗಿತು. ಬಿಚ್ಚಣ್ಣ ಓಡಿಹೋಗಿ ಪ್ಲಗ್ ಕಿತ್ತ. ಅವರ ಬೆವರು ಒರೆಸಲೆಂದು ಗಾಬರಿಯಲ್ಲಿ ತನ್ನ ಕರವಸ್ತ್ರ ಎಳೆದ. ಸ್ಕ್ರೂ ಟಣ್ಣೆಂದು ನೆಲಕ್ಕೆ ಬಿದ್ದು, ಉರುಳುತ್ತಾ ಹೋಗಿ ಅವರ ಬೂಟಿಗೆ ತಾಗಿ ನಿಂತಿತು.

ಎಂಜಿನಿಯರ್ ಸ್ಕ್ರೂ ಎತ್ತಿಕೊಂಡರು. ಸಕ್ಷನ್ ಯಂತ್ರದ ಹಿಂಬದಿಯ ಖಾಲಿ ತೂತಿಗೆ ಇಟ್ಟು ನೋಡಿದರು. ಕರಾರುವಾಕ್ಕಾಗಿ ಕೂತಿತು.

"ಯಾರು ಬಿಟ್ಟರು ನಿಮ್ಮನ್ನ ಒಳಗೆ?"

"ಬಾಗಿಲು ತೆರೆದಿತ್ತು ಸಾರ್" ಎಂದ ಬಿಚ್ಚಣ್ಣ. ಅಕ್ಕನ ಹೆಸರು ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಗುಜರಿ ಅಂದ್ಕೊಂಡು ಸ್ವಲ್ಪ ಅಭ್ಯಾಸ ಮಾಡಿದೆ. ತಪ್ಪಾಯ್ತು ಸಾರ್."

"ಅಭ್ಯಾಸ! ನಿನ್ನೆ ಸಂಜೆಯೆಲ್ಲಾ ಕೂತು ಕೆಡಿಸಿದ್ದೀನಿ ಕಣ್ರೀ!" ಎಂದು ಅವರು ಕುರ್ಚಿಗೆ ಕುಸಿದರು. ಆಮೇಲೆ ಒಂದೊಂದೇ ಯಂತ್ರ ಹಚ್ಚಿ ನೋಡಿದರು. ಮುಖದ ಬಿಗಿ ಸಡಿಲವಾಗುತ್ತಾ ಬಂತು. "ಐದೂ ನೀವೊಬ್ರೇ ಮಾಡಿದ್ರಾ? ಯಾವುದರಲ್ಲಿ ಏನಾಗಿತ್ತು ಅಂತ ನೆನಪಿದೆಯಾ?"

"ಎಲ್ಲಾ ನೆನಪಿದೆ ಸಾರ್."

"ಹಾಗಾದ್ರೆ ಹೇಗಿದ್ವೋ ಹಾಗೇ ಮಾಡಿ. ಮತ್ತೆ ಕೂತು ಕೆಡಿಸೋ ತಾಳ್ಮೆ ನನಗಿಲ್ಲ."

ಬಿಚ್ಚಣ್ಣನ ಎದೆ ಉಬ್ಬಿತು. ಇದೇ ಅಸಲಿ ಪರೀಕ್ಷೆ! ತೋಳು ಮಡಚಿ ಕೂತ. ಕಸದ ಬುಟ್ಟಿಯಿಂದ ಚೀಟಿಗಳನ್ನೂ ಕಾಗದದ ಚೂರನ್ನೂ ಹೆಕ್ಕಿದ. ಜೇಬಿನಿಂದ ಸುಟ್ಟ ಫ್ಯೂಸು ತೆಗೆದು ಮತ್ತೆ ಕೂರಿಸಿದ. ತಂತಿ ಕಳಚಿದ, ಕೊಳವೆ ಮಡಚಿದ, ರಬ್ಬರ್ ಬಳೆ ತಿರುಗಿಸಿದ. ಸರಿ ಮಾಡುವಾಗಿನಷ್ಟೇ ಶ್ರದ್ಧೆಯಿಂದ ಕೆಡಿಸಿದ. ಅಮ್ಮನಿಗೆ ಮೊದಲು ಹೇಗೆ ಹೇಳುವುದು, ಮೊದಲ ಸಂಬಳದಲ್ಲಿ ಏನು ಕೊಡಿಸುವುದು ಎಂದೆಲ್ಲ ಮನಸ್ಸು ಓಡುತ್ತಿತ್ತು.

ಎಂಜಿನಿಯರ್ ಪರೀಕ್ಷಿಸಿ, "ಭಲೇ! ನನಗಿಂತ ಅಚ್ಚುಕಟ್ಟಾಗಿ ಕೆಡಿಸಿದ್ದೀರಿ" ಎಂದು ಬೆನ್ನು ತಟ್ಟಿದರು. ಬಾಗಿಲ ಕಡೆ ತಿರುಗಿ, "ಮುಂದಿನೋರನ್ನ ಕರೀರಿ!" ಎಂದು ಕೂಗಿದರು.

"ಸಾರ್, ನನ್ನ ಪರೀಕ್ಷೆ?"

"ನಿಮ್ಮದಾ? ಪ್ರಶ್ನೆಪತ್ರಿಕೆ ತಯಾರು ಮಾಡಿದವರೇ ಪರೀಕ್ಷೆಗೆ ಕೂರೋಕಾಗುತ್ತೇನ್ರೀ? ಹೊರಗೆ ಕೂತಿರೋ ಹನ್ನೊಂದು ಜನ ನನ್ನ ಸುಮ್ಮನೆ ಬಿಡ್ತಾರಾ?" ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. "ಮುಂದಿನ ತಿಂಗಳು ಇನ್ನೊಂದು ಜಾಗ ಖಾಲಿ ಆಗುತ್ತೆ. ಖಂಡಿತ ಬನ್ನಿ. ಆದ್ರೆ ದಯವಿಟ್ಟು, ಕರೆಯೋಕೆ ಮುಂಚೆ ಬರಬೇಡಿ."

ಹೊರಗೆ ಬಂದಾಗ, ಅಲ್ಲಿಯವರೆಗೂ ತಲೆಯೆತ್ತದೆ ಉಗುರು ಕಚ್ಚುತ್ತಿದ್ದವನು ಅವನ ಮಡಚಿದ ತೋಳು, ಕೈಯ ಸ್ಕ್ರೂಡ್ರೈವರ್ ಕಂಡು ಎದ್ದು ನಿಂತು, "ಸಾರ್, ನೀವೇನಾ ಇಲ್ಲಿನ ಟೆಕ್ನಿಷಿಯನ್? ತುಂಬಾ ಕಷ್ಟ ಇದೆಯಾ ಸಾರ್?" ಎಂದು ಕೇಳಿದ.

"ಸುಲಭ ಇದೆ" ಎಂದ ಬಿಚ್ಚಣ್ಣ. "ಮೊದಲು ಪ್ಲಗ್ ನೋಡಿ."

ಊರೆಲ್ಲ ಸುತ್ತಿ ಸಂಜೆ ಅವನು ಮನೆ ಮುಟ್ಟುವಷ್ಟರಲ್ಲಿ ನರ್ಸಕ್ಕ ಪಾಳಿ ಮುಗಿಸಿ ಬಂದು ವಠಾರದ ನಡುವೆ ನಿಂತಿದ್ದಳು. ಅವನನ್ನು ಕಂಡವಳೇ, "ಏನೋ ಇದು! ಬೆಳಿಗ್ಗೆ ನೀನು ರಿಪೇರಿ ಮಾಡಿದ ಐದೂ ಮಧ್ಯಾಹ್ನಕ್ಕೇ ಮತ್ತೆ ಸತ್ತುಬಿದ್ದಿದ್ವಂತೆ! ಅರ್ಧ ದಿನಾನೂ ನಿಲ್ಲಲಿಲ್ವಲ್ಲೋ! ಪರವಾಗಿಲ್ಲ ಬಿಡು, ನಿಧಾನಕ್ಕೆ ಕಲಿತೀಯ" ಎಂದು ಎಲ್ಲರಿಗೂ ಕೇಳುವಂತೆ ಸಮಾಧಾನ ಹೇಳಿದಳು.

ಮಹಡಿಯಿಂದ ಲೈನ್‌ಮನ್ ಮಾವ ಬಗ್ಗಿ, "ಪ್ಲಗ್ ನೋಡಿದ್ಯಾ ಇಲ್ವಾ?" ಎಂದರು.

ಬಿಚ್ಚಣ್ಣ ಒಳಗೆ ಹೋಗಿ, ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. ಏನೇ ಆಗಲಿ, ಐದು ಯಂತ್ರ ಅವನ ಕೈಯಲ್ಲಿ ಎದ್ದು ನಡೆದಿದ್ದವು. ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಮುಖ ಒರೆಸಿಕೊಳ್ಳಲು ಕರವಸ್ತ್ರ ಬಿಡಿಸಿದ. ಈ ಸಲ ಎರಡು ಸ್ಕ್ರೂ ಬಿದ್ದವು.

ಅಮ್ಮ ಎರಡನ್ನೂ ಹೆಕ್ಕಿ, ಒಂದು ಪುಟ್ಟ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದಳು.

"ಅವರ ಸ್ಕ್ರೂ ನಮಗ್ಯಾಕೆ? ಮುಂದಿನ ತಿಂಗಳು ಕೆಲಸಕ್ಕೆ ಸೇರಿದ ದಿನ, ಮೊದಲು ಇವೆರಡನ್ನ ಹಾಕಿಬಿಡು" ಎಂದಳು.